ಹೂಸ್‌ಗೌ

ಅಕ್ಟೋಬರ್ 17, 2024, ಗುರುವಾರ ರಾತ್ರಿ
ಸ್ಯಾನ್ ಆಂಟೋನಿಯೊ

ನಾಳೆ ಬೇಗ ಏಳಬೇಕು, ಆದರೂ ಬರೆಯಲು ಕುಳಿತಿದ್ದೇನೆ. ಸಂಜೆ ಕಂಡ ಆ ಕೈ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಕಚೇರಿ ಸ್ವಚ್ಛ ಮಾಡಲು ಬರುವ ಅಕ್ಕ ಇಂದು ಬಂದವರೇ ಕಸದ ಬುಟ್ಟಿ ಎತ್ತಿಕೊಳ್ಳಲಿಲ್ಲ. ಜೇಬಿನಿಂದ ನಾಲ್ಕಾಗಿ ಮಡಚಿದ ಕಾಗದ ತೆಗೆದು ನನ್ನ ಮೇಜಿನ ಮೇಲೆ ಹರಡಿದರು. ಮಡಿಕೆಗಳನ್ನು ಅಂಗೈಯಿಂದ ತೀಡಿ ತೀಡಿ ಸಮ ಮಾಡಿದರು. ಕಾರಿನ ಮುಂಗಾಜಿಗೆ ಅಂಟಿಸುವ ನೋಂದಣಿ ಚೀಟಿಯ ಅವಧಿ ಮುಗಿದಿತ್ತು, ಪೊಲೀಸರು ಟಿಕೆಟ್ ಬರೆದುಕೊಟ್ಟಿದ್ದರು, ಬರುವ ಬುಧವಾರದೊಳಗೆ ನ್ಯಾಯಾಲಯಕ್ಕೆ ಉತ್ತರ ಕೊಡಬೇಕಿತ್ತು. ನಾನು ಓದಿ ಮುಗಿಸುವ ಮೊದಲೇ ಪಕ್ಕದ ಮೇಜಿನ ಹಿರಿಯರು ಕನ್ನಡಕ ಏರಿಸಿಕೊಂಡು ಇಣುಕಿದರು. ಟೆಕ್ಸಸ್‌ನಲ್ಲೇ ಹುಟ್ಟಿ ಬೆಳೆದವರು, ಯಾರ ಮನಸ್ಸನ್ನೂ ನೋಯಿಸುವವರಲ್ಲ. "ಹೆದರಬೇಡಿ, ಇಷ್ಟಕ್ಕೆಲ್ಲ ನಿಮ್ಮನ್ನು ಯಾರೂ ಹೂಸ್‌ಗೌಗೆ ಹಾಕುವುದಿಲ್ಲ" ಎಂದು ನಕ್ಕರು. ಹೂಸ್‌ಗೌ ಎಂದರೆ ಇಲ್ಲಿನ ಆಡುಮಾತಿನಲ್ಲಿ ಜೈಲು.

ಕಾಗದ ತೀಡುತ್ತಿದ್ದ ಕೈ ಅಲ್ಲೇ ನಿಂತಿತು.

ಅಕ್ಕನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಅಷ್ಟು ಮಾತಿನಲ್ಲಿ ಅವರಿಗೆ ತಿಳಿದದ್ದು ಒಂದೇ ಪದ, ಅದೂ ಅವರದೇ ಭಾಷೆಯದು. "ಹುಸ್ಗಾವೊ?" ಎಂದು ಮೆಲ್ಲಗೆ ಕೇಳಿದರು, ಆ ಹಿರಿಯರನ್ನಲ್ಲ, ನನ್ನನ್ನು. ಧೈರ್ಯ ಹೇಳಲು ಆಡಿದ ಮಾತಿನಲ್ಲಿ 'ಇಲ್ಲ' ಎಂಬುದು ಜಾರಿ ಹೋಗಿ, ನ್ಯಾಯಾಲಯ ಎಂಬುದಷ್ಟೇ ಅವರ ಕಿವಿಯಲ್ಲಿ ಉಳಿದಿತ್ತು.

ಆ ಹಿರಿಯರಿಗೆ ಅದು ಸ್ಪ್ಯಾನಿಷ್ ಎಂಬುದೇ ಗೊತ್ತಿರಲಿಲ್ಲ! ಹಳೆಯ ಕೌಬಾಯ್ ಸಿನಿಮಾಗಳ ಮಾತು ಎಂದುಕೊಂಡಿದ್ದರು. ಅದೂ ಸುಳ್ಳಲ್ಲ. ಸ್ಪ್ಯಾನಿಷ್‌ನಲ್ಲಿ 'ಹುಸ್ಗಾದೊ' ಎಂದರೆ ನ್ಯಾಯಾಲಯ. ನ್ಯಾಯತೀರ್ಮಾನ ಮಾಡು ಎಂಬ ಕ್ರಿಯಾಪದದಿಂದ ಬಂದದ್ದು. ಇಂಗ್ಲಿಷಿನ ಜಡ್ಜ್ ಕೂಡ ಅದೇ ಲ್ಯಾಟಿನ್ ಬೇರಿನ ಕುಡಿ. ಆಡುಮಾತಿನಲ್ಲಿ ಕೊನೆಯ ದಕಾರ ಸವೆದು ಹುಸ್ಗಾವೊ ಆಗುತ್ತದೆ. 1836ರವರೆಗೆ ಈ ಟೆಕ್ಸಸ್ ಮೆಕ್ಸಿಕೊದ್ದೇ ಆಗಿತ್ತಲ್ಲ, ದನ ಕಾಯುವ ಕೆಲಸದ ಜೊತೆಗೆ ಅದರ ಮಾತನ್ನೂ ಇಂಗ್ಲಿಷಿನವರು ಮೆಕ್ಸಿಕನ್ನರಿಂದಲೇ ಕಲಿತರು. ಪುಸ್ತಕ ನೋಡಿ ಕಲಿತದ್ದಲ್ಲ, ಕಿವಿಯಲ್ಲಿ ಕೇಳಿ ಕಲಿತದ್ದು. 'ಲಾ ರೆಯಾತಾ' ಎಂಬ ಹಗ್ಗ 'ಲ್ಯಾರಿಯಟ್' ಆಯಿತು, ದನಗಾಹಿ 'ವಾಕೆರೊ' ಹೋಗಿ 'ಬಕರೂ' ಆದ. ಹುಸ್ಗಾವೊ ಹೂಸ್‌ಗೌ ಆದದ್ದೂ ಹೀಗೆಯೇ. ನ್ಯಾಯಾಲಯಕ್ಕೆ ಎಳೆದೊಯ್ದವರಲ್ಲಿ ಎಷ್ಟೋ ಮಂದಿ ಅಲ್ಲಿಂದ ಸೆರೆಗೇ ಹೋಗುತ್ತಿದ್ದುದರಿಂದ ಅರ್ಥವೂ ಜೈಲಿಗೆ ಜಾರಿತು. ಈಗ ಅದು ನಗುತ್ತಾ ಆಡುವ ಮಾತು.

ನಾವೂ ಹಾಗೆಯೇ ನಗುತ್ತೇವೆ. 'ಶ್ರೀಕೃಷ್ಣ ಜನ್ಮಸ್ಥಾನ ಸೇರಿದ' ಎಂದು ಪತ್ರಿಕೆಯಲ್ಲಿ ಓದಿದಾಗ, 'ಮಾವನ ಮನೆಗೆ ಹೋಗಿದ್ದಾನೆ' ಎಂದು ಯಾರಾದರೂ ಹೇಳಿದಾಗ ನಾನೂ ನಕ್ಕಿದ್ದೇನೆ. ಒಳಗೆ ಹೋದವನ ತಾಯಿ ಆ ಸಾಲನ್ನು ಹೇಗೆ ಓದುತ್ತಾಳೆ ಎಂಬುದು ಇಂದಿನವರೆಗೂ ತಲೆಗೆ ಬಂದಿರಲಿಲ್ಲ. ನಾಚಿಕೆಯಾಯಿತು.

ಬಿಡಿಸಿ ಹೇಳಿದೆ. ಸೆರೆ ಇಲ್ಲ, ಕಟಕಟೆ ಇಲ್ಲ, ಹಣ ಕಟ್ಟಿದರೆ ಮುಗಿಯಿತು. ಅಕ್ಕ ಉಸಿರು ಬಿಟ್ಟು, "ಪಗಾರ್ ಲಾ ಮುಲ್ತಾ" ಎಂದರು. ದಂಡ ಕಟ್ಟುವುದು. ಎರಡನೆಯ ಸಲವೂ ಹೇಳಿಸಿದೆ. ಪಗಾರ್! ನಮ್ಮ ಧಾರವಾಡದ ಪಗಾರ! 1510ರಲ್ಲಿ ಗೋವೆಗೆ ಬಂದು ಕುಳಿತ ಪೋರ್ಚುಗೀಸರ ಮಾತಿನಲ್ಲೂ ಪಗಾರ್ ಎಂದರೆ ಹಣ ಕೊಡುವುದು. ಅದೇ ಘಟ್ಟ ಹತ್ತಿ ನಮ್ಮ ಮನೆಯಲ್ಲಿ ತಿಂಗಳ ಸಂಬಳವಾಯಿತು. ಅಪ್ಪ ಪಗಾರ ತಂದ ದಿನ ಅವ್ವ ಅದನ್ನು ದೇವರ ಮುಂದೆ ಇಡುತ್ತಿದ್ದಳು. ನಾನು ಇದನ್ನು ಹೇಳಿದಾಗ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೊದಲ ಬಾರಿಗೆ ನಕ್ಕದ್ದು ಆಗಲೇ. ನಾವು ಪಗಾರ ಪಡೆಯುತ್ತೇವೆ, ಅವರು ಕಟ್ಟುತ್ತಾರೆ.

ಚಂದ್ರ ಇಂದು ಎಷ್ಟು ದೊಡ್ಡದಾಗಿ ಕಾಣುತ್ತಿದೆ. ಊರಿನಲ್ಲಿ ಶೀಗೆ ಹುಣ್ಣಿಮೆ.

ಒಂಬತ್ತಕ್ಕೆ ಅಪ್ಪನಿಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು. ಚರಗ ಚೆಲ್ಲಿ ಬಂದದ್ದು, ಜೋಳ ನಿಂತಿರುವ ರೀತಿ, ಮೊಣಕಾಲು ನೋವು, ಎಲ್ಲ ಆದ ಮೇಲೆ ಅಕ್ಕನ ಸಂಗತಿ ಹೇಳಿದೆ. ಅಪ್ಪ ಮೂವತ್ತು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತರಾಗಿದ್ದವರು. ಸುಮ್ಮನೆ ಕೇಳಿದರು. "ಸಾಕ್ಷಿ ಹೇಳಲು ಬಂದವರೂ ನಡುಗುತ್ತಿದ್ದರವ್ವಾ" ಎಂದರು. "ಹೆಸರು ಕೂಗಿದರೆ ಸಾಕು, ಕಾಲಲ್ಲಿನ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ಬಿಡಬೇಕೆಂದು ಯಾರೂ ಹೇಳಿರಲಿಲ್ಲ." ಗೆದ್ದವನು ಸೋತ, ಸೋತವನು ಸತ್ತ ಎಂದು ಅವರು ಆಗಾಗ ಹೇಳುತ್ತಿದ್ದ ಗಾದೆಯನ್ನು ಇಂದು ಹೇಳಲಿಲ್ಲ.

ಬುಧವಾರ ನಾನೂ ಜೊತೆಗೆ ಹೋಗುತ್ತೇನೆ ಎಂದೆ. ಆಗ ಅಪ್ಪ ಒಂದೇ ಮಾತು ಕೇಳಿದರು: "ಆ ದಿನದ ಪಗಾರ ಹಿಡಿಯುತ್ತಾರೇನು ಆಕೆಗೆ?"

ಅದನ್ನು ನಾನು ಅಕ್ಕನನ್ನು ಕೇಳಿರಲೇ ಇಲ್ಲ. ದಂಡದ ಮೊತ್ತವನ್ನಷ್ಟೇ ಲೆಕ್ಕ ಹಾಕಿದ್ದೆ. ಗಂಟೆಗಿಷ್ಟು ಎಂದು ದುಡಿಯುವವರು, ಅರ್ಧ ದಿನ ಹೋದರೆ