ಆಸ್ರಿಗೆ ಏನು ಕೊಡೋಣ? ಇಂಗ್ಲೆಂಡಿನ ಅಡುಗೆಮನೆಯಿಂದ ಮುರುಗಲು, ಅಪ್ಪೆಹುಳಿ, ಎಲ್ಡರ್ ಹೂವು

ಕಾಕ್‌ಟೇಲ್ ಅಂದ ಕೂಡಲೇ ಊರಿನಲ್ಲಿ ಹಲವರ ಕಣ್ಣಿಗೆ ಬರುವುದು ಬಣ್ಣದ ದೀಪದ ಬಾರು, ಕಾಗದದ ಕೊಡೆ ಸಿಕ್ಕಿಸಿದ ಗ್ಲಾಸು. ಇಂಗ್ಲೆಂಡಿನಲ್ಲಿ ಮನೆಯಲ್ಲೇ ಮಾಡಿಕೊಳ್ಳುವವರ ದಾರಿ ಬೇರೆ. ಅವರದ್ದು ಋತು ನೋಡಿ ಸಿರಪ್ ಕಾಸಿಡುವ ಕ್ರಮ: ಚಳಿಯ ಕೊನೆಗೆ ರೂಬಾರ್ಬ್ ಎಂಬ ಹುಳಿ ದಂಟು, ಜೂನಿನಲ್ಲಿ ಎಲ್ಡರ್ ಹೂವು, ಅಕ್ಟೋಬರಿನಲ್ಲಿ ಬೇಲಿಸಾಲಿನ ಸ್ಲೋ ಎಂಬ ಒಗರು ಕಾಡುಕಾಯಿ. ಶಿರಸಿ, ಸಿದ್ದಾಪುರ, ಹೊನ್ನಾವರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಲೆಮನೆ ನಡೆಯುವಾಗ ಜೋನಿಬೆಲ್ಲ (ದ್ರವ ಬೆಲ್ಲ) ತುಂಬಿಸಿಟ್ಟು, ಮೇ ತಿಂಗಳಲ್ಲಿ ಮುರುಗಲು (ಕೋಕಂ) ಸಕ್ಕರೆಗೆ ಹಾಕಿ, ಬಂದವರಿಗೆ "ಆಸ್ರಿಗೆ ಎಂತ ಬೇಕು?", ಅಂದರೆ ಕುಡಿಯಲು ಏನು ಬೇಕು ಎಂದು ಕೇಳುವ ಮನೆಗಳಲ್ಲಿ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ.

ಹಾಗಾಗಿ ನಾವು ಇಲ್ಲಿ ಪಾಲಿಸುವುದು ಒಂದೇ ನಿಯಮ. ಮೊದಲು ಪಾನಕ ಸರಿಯಾಗಬೇಕು, ಮದ್ಯ ಆಮೇಲೆ. ಹುಳಿ, ಸಿಹಿ, ಉಪ್ಪು ಸೇರಿದ ಮೇಲೆ ಬರೀ ನೀರು ಬೆರೆಸಿ ಕುಡಿದು ನೋಡಿ. ಆಗ ರುಚಿಯಿಲ್ಲದ್ದು ಜಿನ್ ಹಾಕಿದ ಮೇಲೂ ರುಚಿಸುವುದಿಲ್ಲ, ಬರೀ ಅಮಲು ಕೊಡುತ್ತದೆ. ಇನ್ನೊಂದು ಅನುಕೂಲವೂ ಇದೆ. ನಮ್ಮ ಕಡೆಯವರು ನಾಲ್ಕು ಜನ ಸೇರಿದರೆ ಇಬ್ಬರು ಮುಟ್ಟುವವರಲ್ಲ. ಪಾನಕವೇ ಗಟ್ಟಿಯಿದ್ದರೆ ಅವರ ಕೈಗೆ ಕೋಲಾ ಕೊಟ್ಟು ಕೂರಿಸುವ ಗ್ರಹಚಾರ ಇಲ್ಲ.

ಅಳತೆ ಕಣ್ಣಂದಾಜಿನಲ್ಲಿ ಬೇಡ. 25 ಮತ್ತು 50 ಮಿ.ಲೀ. ಗೆರೆಯಿರುವ ಒಂದು ಅಳತೆ ಬಟ್ಟಲು, ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಸಾಕು. ಹುಳಿ ಜಾತಿಯ ಪಾನೀಯಕ್ಕೆ ಶುರು ಮಾಡುವ ಲೆಕ್ಕ ಇದು: ಮದ್ಯ 50 ಮಿ.ಲೀ., ಲಿಂಬೆರಸ 25, ಸಿರಪ್ 20. ಸಿರಪ್ ಎಂದರೆ ಸಕ್ಕರೆ, ನೀರು ತೂಕದಲ್ಲಿ ಸಮಸಮ. ಒಂದು ವಿಷಯ ಊರಿನವರು ನೆನಪಿಡಬೇಕು. ಇಲ್ಲಿ ಇಂಗ್ಲೆಂಡಿನ ಸಾಧಾರಣ ಜಿನ್, ವೋಡ್ಕಾ ಶೇ 37.5ರಿಂದ 40ರಷ್ಟು ಆಲ್ಕೋಹಾಲಿನವು. ಭಾರತದಲ್ಲಿ ಹೆಚ್ಚಿನವು ಶೇ 42.8. ಇಲ್ಲಿನ 50 ಮಿ.ಲೀ. ಜಾಗದಲ್ಲಿ ಅಲ್ಲಿ 45 ಹಾಕಿದರೆ ಸರಿಹೊಂದುತ್ತದೆ. ಹಾಗೇ 60ರ ಪೆಗ್ ಸುರಿದರೆ ಮುರುಗಲು ಎಲ್ಲಿ ಹೋಯಿತೆಂದು ಹುಡುಕಬೇಕು.

ಐಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಕೆಡುವುದು ಅಲ್ಲೇ. ಕುಲುಕುವಾಗ ಕರಗುವ ನೀರು ಪಾನೀಯದ ಒಂದು ಭಾಗ. 100 ಮಿ.ಲೀ. ಮಿಶ್ರಣವನ್ನು ಐಸಿನೊಂದಿಗೆ 12 ಸೆಕೆಂಡು ಜೋರಾಗಿ ಕುಲುಕಿದರೆ ಸುಮಾರು 30 ಮಿ.ಲೀ. ನೀರು ಸೇರುತ್ತದೆ, ಅಷ್ಟು ಬೇಕೂ ಬೇಕು. ಆದರೆ ಕಾರವಾರದ ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟು ಬೆವೆತ ಐಸಿನ ಮೈಮೇಲೆಯೇ ನೀರಿರುತ್ತದೆ, ಅದರಲ್ಲಿ ಕುಲುಕಿದರೆ ನೀರುನೀರಾಗುತ್ತದೆ. ಫ್ರೀಜರಿನಿಂದ ತೆಗೆದದ್ದೇ ಬಳಸಿ. ಗ್ಲಾಸಿಗೆ ಹಾಕಲು ಸ್ಟೀಲ್ ಡಬ್ಬಿಯಲ್ಲಿ ದೊಡ್ಡ ಗಡ್ಡೆ ಕಟ್ಟಿಸಿ ಒಡೆದುಕೊಳ್ಳಿ, ನಿಧಾನ ಕರಗುತ್ತದೆ. ಶೇಕರ್ ಇಲ್ಲದಿದ್ದರೆ ಅಗಲ ಬಾಯಿಯ ಸ್ಟೀಲ್ ನೀರಿನ ಬಾಟಲಿ ಆಗುತ್ತದೆ. ಸೋಡಾ ಮಾತ್ರ ಒಳಗೆ ಹಾಕಿ ಕುಲುಕಬೇಡಿ, ಮುಚ್ಚಳ ಮುಖಕ್ಕೆ ಹಾರುತ್ತದೆ.

ಈಗ ಮುರುಗಲು, ಕಾರವಾರದವರ ಬಿರಿಂಡ. ಇಲ್ಲಿನ ಭಾರತೀಯ ಅಂಗಡಿಗಳಲ್ಲಿ ಸಿಗುವುದು ಒಣ ಸಿಪ್ಪೆ. ಪ್ಯಾಕೆಟ್ಟಿನೊಳಗೆ ಸಿಪ್ಪೆ ಮೆತ್ತಗೆ, ಒದ್ದೆಯಾಗಿ ಕಂಡರೆ ಉಪ್ಪು ಹಾಕಿದ್ದು ಎಂದೇ ತಿಳಿಯಿರಿ. ಅದು ಸಾರಿಗೆ ಸರಿ, ಸಿರಪ್ಪಿಗಲ್ಲ. ಬೇರೆ ಸಿಗದಿದ್ದರೆ ತಣ್ಣೀರಲ್ಲಿ ಎರಡು ಸಲ ಗಲಬರಿಸಿ ಚೆಲ್ಲಿ. 100 ಗ್ರಾಂ ಸಿಪ್ಪೆಗೆ 500 ಮಿ.ಲೀ. ಬಿಸಿನೀರು ಹಾಕಿ ಐದಾರು ತಾಸು ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಬಂದ ರಸ ತೂಗಿ ಅಷ್ಟೇ ತೂಕದ ಸಕ್ಕರೆ ಸೇರಿಸಿ, ಸಣ್ಣ ಉರಿಯಲ್ಲಿ ಕರಗುವವರೆಗೆ ಮಾತ್ರ ಇಡಿ. ಕೊತಕೊತ ಕುದಿಸಿದರೆ ಆ ಕೆಂಪು ಕಂದಾಗುತ್ತದೆ, ವಾಸನೆ ಜಾಮಿನ ಕಡೆ ತಿರುಗುತ್ತದೆ. ಲಂಡನ್ ಸುತ್ತಮುತ್ತ ನಲ್ಲಿ ನೀರು ಸುಣ್ಣದಂಶದ ಗಡಸು ನೀರು, ಹುಳಿಯನ್ನು ಸ್ವಲ್ಪ ಮುರಿದು ಬಣ್ಣವನ್ನೂ ಮಂಕು ಮಾಡುತ್ತದೆ. ಫಿಲ್ಟರ್ ನೀರಾದರೆ ಒಳ್ಳೆಯದು.

ಊರಿನಲ್ಲಿರುವವರಿಗೆ ಈ ಕಷ್ಟ ಯಾವುದೂ ಇಲ್ಲ. ಮಳೆ ಹಿಡಿಯುವ ಮೊದಲು ಬಿದ್ದ ಹಣ್ಣು ಹೆಕ್ಕಿ, ಒರೆಸಿ, ಎರಡು ಹೋಳು ಮಾಡಿ, ಬೀಜ ತೆಗೆದು, ಸಿಪ್ಪೆಯ ಎರಡು ಪಾಲು ತೂಕದ ಸಕ್ಕರೆಯೊಂದಿಗೆ ಗಾಜಿನ ಭರಣಿಯಲ್ಲಿ ಪದರ ಪದರವಾಗಿ ತುಂಬಿಡಿ. ಒಂದು ವಾರದಲ್ಲಿ ರಸ ತಾನೇ ಬಿಟ್ಟಿರುತ್ತದೆ. ಒಲೆಯ ಹಂಗಿಲ್ಲದ ಆ ಸಿರಪ್ಪಿನ ಪರಿಮಳ ಒಣ ಸಿಪ್ಪೆಯಿಂದ ಏನು ಮಾಡಿದರೂ ಬಾರದು. ಒದ್ದೆ ಕೈ, ಒದ್ದೆ ಸೌಟು ಎರಡನ್ನೂ ದೂರವಿಡಿ. ನೀರು ಸೇರಿದ ಜಾಗದಲ್ಲಿ ಮೊದಲು ನೊರೆ ಬರುತ್ತದೆ, ಆಮೇಲೆ ಬೂಷ್ಟು.

ಗ್ಲಾಸಿನ ಲೆಕ್ಕ: ಜಿನ್ 50, ಮುರುಗಲು ಸಿರಪ್ 25, ಲಿಂಬೆರಸ 10, ಉಪ್ಪುನೀರು ಎರಡು ಹನಿ. ಲಿಂಬೆ ಇಷ್ಟು ಕಡಿಮೆ ಯಾಕೆಂದರೆ ಮುರುಗಲು ತನ್ನ ಹುಳಿಯನ್ನು ತಾನೇ ತಂದಿರುತ್ತದೆ. ಉಪ್ಪುನೀರು ಎಂದರೆ 20 ಗ್ರಾಂ ಉಪ್ಪು 80 ಗ್ರಾಂ ನೀರಿನಲ್ಲಿ ಕರಗಿಸಿ ಹನಿಬಾಟಲಿಯಲ್ಲಿಟ್ಟದ್ದು. ಉಪ್ಪಿನ ರುಚಿ ತಿಳಿಯಬಾರದು, ಆದರೆ ಬಿಟ್ಟರೆ ಏನೋ ಕಡಿಮೆಯಾಯಿತು ಅನಿಸುತ್ತದೆ. ಕುಲುಕಿ, ಹೊಸ ಐಸಿನ ಮೇಲೆ ಸೋಸಿ, 60 ಮಿ.ಲೀ. ಸೋಡಾ. ಮದ್ಯ ಬೇಡದವರಿಗೆ ಸಿರಪ್ 35, ಲಿಂಬೆ 10, ಹುರಿದು ಕುಟ್ಟಿದ ಜೀರಿಗೆ ಒಂದು ಚಿಟಿಕೆ, ಸೋಡಾ 150.

ಎಲ್ಡರ್ ಇಲ್ಲಿನ ಬೇಲಿಗಳಲ್ಲಿ, ರೈಲುಹಳಿಯ ಬದಿಯಲ್ಲಿ ತಾನಾಗಿ ಬೆಳೆಯುವ ಪೊದೆಮರ. ಮೇ ಕೊನೆಯಿಂದ ಜೂನ್‌ವರೆಗೆ ಕೆನೆಬಣ್ಣದ ಚಪ್ಪಟೆ ಗೊಂಚಲು. ಹೆಮ್ಲಾಕ್ ಎಂಬ ವಿಷಗಿಡದ ಬಿಳಿ ಗೊಂಚಲು ದೂರದಿಂದ ಹಾಗೇ ಕಾಣುತ್ತದೆ. ಅದು ನೆಲದಿಂದೇಳುವ ಮೆತ್ತನೆ ಗಿಡ, ದಂಟಿನ ಮೇಲೆ ನೇರಳೆ ಮಚ್ಚೆ. ಎಲ್ಡರಿಗೆ ತೊಗಟೆಯಿರುವ ಕಾಂಡ ಇರಬೇಕು, ಇಲ್ಲದಿದ್ದರೆ ಕೈ ಹಾಕಬೇಡಿ. ಸ್ವಂತಕ್ಕೆಂದು ಕಾಡುಹೂವು, ಕಾಡುಹಣ್ಣು ಕೊಯ್ದರೆ 1968ರ ಕಳ್ಳತನ ಕಾಯಿದೆಯಡಿ ಅದು ಕಳವಲ್ಲ, ಮಾರಲು ಕೊಯ್ದರೆ ಕಳವು.

ಬಿಸಿಲು ಬಂದ ಒಣ ಬೆಳಗಿನಲ್ಲಿ 12 ಗೊಂಚಲು ಕೊಯ್ದು, ಹುಳ ಉದುರುವಂತೆ ಕೊಡವಿ. ತೊಳೆಯಬೇಡಿ, ಪರಿಮಳವೆಲ್ಲ ಆ ಹಳದಿ ಪರಾಗದಲ್ಲಿದೆ. ದಂಟು, ಎಲೆ ಹಸಿಯಾಗಿ ಹೊಟ್ಟೆಗೆ ಆಗದವು, ಆದಷ್ಟು ಕತ್ತರಿಸಿ ತೆಗೆಯಿರಿ. 750 ಮಿ.ಲೀ. ನೀರಿನಲ್ಲಿ 1 ಕಿಲೋ ಸಕ್ಕರೆ ಕರಗಿಸಿ ಒಲೆ ಆರಿಸಿ. ಅದಕ್ಕೆ ಎರಡು ಲೆಮನ್ನಿನ ಸಿಪ್ಪೆ ಮತ್ತು ಬಿಲ್ಲೆಗಳು, 40 ಗ್ರಾಂ ಸಿಟ್ರಿಕ್ ಆಸಿಡ್, ಮೇಲೆ ಹೂವು. ಮುಚ್ಚಿ 24 ತಾಸು ಬಿಟ್ಟು ಸೋಸಿದರೆ ಮುಗಿಯಿತು. ಮಧ್ಯಾಹ್ನದ ಬಾಡಿದ ಹೂವು ಹಾಕಿದರೆ ಬೆಕ್ಕಿನ ಉಚ್ಚೆಯ ವಾಸನೆ, ಇದು ಉತ್ಪ್ರೇಕ್ಷೆಯಲ್ಲ. ಫ್ರಿಜ್‌ನಲ್ಲಿ ಒಂದು ತಿಂಗಳು ನಿಲ್ಲುತ್ತದೆ. ಹೊರಗಿಟ್ಟರೆ ಹೂವಿನ ಮೇಲಿನ ಕಾಡು ಯೀಸ್ಟಿನಿಂದ ಹುಳಿತು ಬಾಟಲಿ ಸಿಡಿಯಬಹುದು. ಇದೇ ಕ್ರಮದಲ್ಲಿ ಭಟ್ಕಳ ಮಲ್ಲಿಗೆಯ ಸಿರಪ್ಪೂ ಆಗುತ್ತದೆ, ಆದರೆ ಔಷಧಿ ಹೊಡೆಯದ ಮನೆಯಂಗಳದ ಹೂವೇ ಆಗಬೇಕು, ನೆನೆಸುವುದೂ ಒಂದು ರಾತ್ರಿ ಸಾಕು.

ಇನ್ನು ಅಪ್ಪೆಹುಳಿ, ಅಂದರೆ ಮಾವಿನಕಾಯಿಯ ತೆಳು ಹುಳಿಸಾರು. ಊಟದ ಕೊನೆಗೆ ಕುಡಿದು ಮಲಗುವ ಅಪ್ಪೆಹುಳಿಗೆ ಮದ್ಯ ಸೇರಿಸುವುದು ಕೆಲವರಿಗೆ ಅಪಚಾರ ಅನಿಸಬಹುದು. ಆದರೆ ಟೊಮೆಟೊ ರಸಕ್ಕೆ ವೋಡ್ಕಾ, ಉಪ್ಪು, ಕಾರ ಹಾಕಿ ಕುಡಿಯುವ ಬ್ಲಡಿ ಮೇರಿಗಿಂತ ಇದು ಎಷ್ಟೋ ಮೇಲು. ತೊಡಕು ಒಂದೇ, ಒಗ್ಗರಣೆ. ತಣ್ಣಗಿನ ಗ್ಲಾಸಿನಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ ಬಿಳಿ ಚೂರುಗಳಾಗಿ ತುಟಿಗೆ ಅಂಟುತ್ತದೆ. ಪರಿಹಾರವೂ ಆ ಗಟ್ಟಿಯಾಗುವ ಗುಣದಲ್ಲೇ ಇದೆ. ಒಗ್ಗರಣೆಯನ್ನು ಪಾನೀಯಕ್ಕೆ ಕೊಡದೆ ವೋಡ್ಕಾಕ್ಕೆ ಕೊಡಬೇಕು.

50 ಗ್ರಾಂ ಕೊಬ್ಬರಿ ಎಣ್ಣೆ ಕಾಸಿ ಒಂದು ಚಮಚ ಸಾಸಿವೆ ಚಟಪಟಿಸಿ. ಒಲೆ ಆರಿಸಿ ಎಂಟು ಕರಿಬೇವಿನ ಎಲೆ, ಸೀಳಿದ ಎರಡು ಸೂಜಿಮೆಣಸು, ಮೆಣಸಿನಕಾಳಿನಷ್ಟು ಇಂಗು ಹಾಕಿ. ಬೆರಳಿಗೆ ತಡೆಯುವಷ್ಟು ಆರಲಿ. ಕಾದ ಎಣ್ಣೆಯನ್ನು ಮದ್ಯಕ್ಕೆ ಸುರಿಯಲೇಬಾರದು, ಆಲ್ಕೋಹಾಲ್ 78 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಹತ್ತಿರ ಬೆಂಕಿಯಿದ್ದರೆ ಹೊತ್ತಿಕೊಳ್ಳುತ್ತದೆ. ಆರಿದ ಒಗ್ಗರಣೆಯನ್ನು ಅಗಲ ಬಾಯಿಯ ಭರಣಿಯಲ್ಲಿ 350 ಮಿ.ಲೀ. ವೋಡ್ಕಾಕ್ಕೆ ಸೇರಿಸಿ ಕಲಕಿ. ಒಂದು ತಾಸಿಗೆ ಮೆಣಸು ತೆಗೆದುಬಿಡಿ. ಕಾರದ ಅಂಶ ನೀರಿಗಿಂತ ಮದ್ಯದಲ್ಲಿ ಬೇಗ ಬಿಡುತ್ತದೆ, ಮರೆತರೆ ಗಂಟಲು ಸುಡುತ್ತದೆ. ಮತ್ತೆ ಮೂರು ತಾಸು ಬಿಟ್ಟು ಭರಣಿಯನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ಎಣ್ಣೆ ಮೇಲೆ ಬಿಳಿ ಹಲಗೆಯಂತೆ ಕಟ್ಟಿರುತ್ತದೆ, ವೋಡ್ಕಾ ಮಾತ್ರ ಹೆಪ್ಪುಗಟ್ಟಿರುವುದಿಲ್ಲ. ಅಂಚಿಗೊಂದು ತೂತು ಚುಚ್ಚಿ ಬಗ್ಗಿಸಿ, ಕಾಫಿ ಸೋಸುವ ಕಾಗದದಲ್ಲಿ ನಿಧಾನ ಇಳಿಸಿ. ಗಡಿಬಿಡಿಯಲ್ಲಿ ಹಿಂಡಿದರೆ ಎಣ್ಣೆಯೂ ಜೊತೆಗೆ ಇಳಿದು ಮಾಡಿದ ಕೆಲಸ ದಂಡ. ಸರಿಯಾಗಿ ಇಳಿದದ್ದಕ್ಕೆ ಎಣ್ಣೆಯ ಜಿಡ್ಡಿಲ್ಲ, ಮುಚ್ಚಳ ತೆಗೆದರೆ ಒಗ್ಗರಣೆಯ ಘಮ ಹಾಗೇ ಇದೆ. ಉಳಿದ ಎಣ್ಣೆಯನ್ನು ಒಲೆಗೆ ಒಯ್ಯಬೇಡಿ, ಮದ್ಯ ಸೇರಿರುತ್ತದೆ.

ಹುಳಿಗೆ 250 ಗ್ರಾಂ ಮಾವಿನಕಾಯಿ ಬೇಯಿಸಿ ಕಿವುಚಿ, 600 ಮಿ.ಲೀ. ತಣ್ಣೀರು ಸೇರಿಸಿ ಸೋಸಿ, 5 ಗ್ರಾಂ ಉಪ್ಪು, ಚೂರು ಬೆಲ್ಲ. ಇಲ್ಲಿ ಮಾವಿನಕಾಯಿ ದುಬಾರಿ, ಹುಳಿಯೂ ಸಪ್ಪೆ. ಜುಲೈನಲ್ಲಾದರೆ ಇಂಗ್ಲೆಂಡಿನ ಹಸಿರು ಗೂಸ್‌ಬೆರಿ, ಶರತ್ಕಾಲದಲ್ಲಿ ಬ್ರಾಮ್ಲಿ ಸೇಬು 300 ಗ್ರಾಂ ಹಾಕಿದರೆ ಹುಳಿ ಬಹಳ ಹತ್ತಿರ ಬರುತ್ತದೆ. ನಾಟಿಂಗ್‌ಹ್ಯಾಮ್‌ಶೈರಿನ ಸೌತ್‌ವೆಲ್‌ನಲ್ಲಿ 1809ರಲ್ಲಿ ಬಿತ್ತಿದ ಬೀಜದಿಂದ ಹುಟ್ಟಿದ ತಳಿ ಇದು, ಬೇಯಿಸಿದರೆ ಮುದ್ದೆಯಾಗುವ ಅಡುಗೆ ಸೇಬು. ಅಪ್ಪೆ ಎಂಬ ನಮ್ಮ ಕಾಡುಮಾವಿನ ಪರಿಮಳ ಬರುವುದಿಲ್ಲ, ಅದನ್ನು ಬಯಸಲೂಬಾರದು. ಗ್ಲಾಸಿಗೆ ವೋಡ್ಕಾ 40, ಅಪ್ಪೆಹುಳಿ 120. ಕುಲುಕಿದರೆ ನೊರೆಯೆದ್ದು ಕೆಡುತ್ತದೆ. ಎರಡು ಲೋಟಗಳ ನಡುವೆ ಐಸಿನೊಂದಿಗೆ ನಾಲ್ಕೈದು ಸಲ ಚಹಾ ಆರಿಸಿದಂತೆ ಹೊಯ್ದರೆ ಸಾಕು. ಅಂಕೋಲೆಯ ಕರಿ ಇಷಾಡ ಮಾವಿನಹಣ್ಣನ್ನು ಇಂಥದಕ್ಕೆಲ್ಲ ಬಲಿ ಕೊಡಬೇಡಿ, ಅದು ಹಾಗೇ ತಿನ್ನುವಂಥದ್ದು.

ಅಪ್ಪೆಯ ಪರಿಮಳವೇ ಬೇಕೆಂದರೆ ಮಸಾಲೆ ಬೆರೆಸದ ಉಪ್ಪಿನ ಮಿಡಿಯ ಸೊನೆಭರಿತ ಉಪ್ಪುನೀರು ಇದೆ. ಆಲಿವ್ ಉಪ್ಪುನೀರಿನ ಬದಲು ಮಾರ್ಟಿನಿಗೆ ಅದನ್ನು 5 ಮಿ.ಲೀ. ಹಾಕಿ. ಜಿನ್ 60, ಡ್ರೈ ವರ್ಮೂತ್ 10, ಐಸಿನ ಮೇಲೆ 30 ಸೆಕೆಂಡು ಚಮಚದಲ್ಲಿ ತಿರುಗಿಸಿ ಸೋಸಿ. 10 ಮಿ.ಲೀ.ಗೆ ಹೋದರೆ ಉಪ್ಪಿನಕಾಯಿ ನೀರು ಕುಡಿದಂತಾಗುತ್ತದೆ. ವರ್ಮೂತ್ ಕೂಡ ಒಂದು ಬಗೆಯ ವೈನೇ, ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು.

ಚಳಿಗೆ ಜೋನಿಬೆಲ್ಲ, ರಮ್. ಜೋನಿಯನ್ನು ಅಳತೆ ಬಟ್ಟಲಲ್ಲಿ ಹಿಡಿದರೆ ಅರ್ಧ ಅಂಟಿ ಅಲ್ಲೇ ಉಳಿಯುತ್ತದೆ, ಲೋಟವನ್ನೇ ತಕ್ಕಡಿ ಮೇಲಿಟ್ಟು 20 ಗ್ರಾಂ ಬಿಡಿ. ಜಜ್ಜಿದ ಶುಂಠಿ, ನಾಲ್ಕು ಕಾಳುಮೆಣಸು, ಲಿಂಬೆರಸ 10, ಕುದಿ ಇಳಿದ ಬಿಸಿನೀರು 120, ಕೊನೆಗೆ ರಮ್ 40. ಕುದಿಯುವ ನೀರೇ ಹಾಕಿದರೆ ಆವಿಯ ಘಾಟು ಮೂಗಿಗೆ ಹೊಡೆದು ಬೆಲ್ಲದ ಪರಿಮಳ ಸಿಗುವುದಿಲ್ಲ. ನೀರು ಬೆರೆಸಿದ ಜೋನಿ ಬೇಗ ಹುಳಿಯುತ್ತದೆ, ಆವತ್ತಿನದ್ದು ಆವತ್ತೇ. ಊರಿಂದ ತರುವಾಗ ಚೆಕ್‌ಇನ್ ಬ್ಯಾಗಿಗೆ ಹಾಕಿ, 100 ಮಿ.ಲೀ.ಗಿಂತ ಹೆಚ್ಚಿನ ದ್ರವವನ್ನು ಕೈಚೀಲದಲ್ಲಿ ಬಿಡುವುದಿಲ್ಲ. ಡಬ್ಬಿಯನ್ನು ಬಾಯಿ ತನಕ ತುಂಬಬೇಡಿ.

ಕಾರವಾರದವರು ಇದೆಲ್ಲಕ್ಕೂ ಗೋವಾದ ಗೇರುಹಣ್ಣಿನ ಮದ್ಯ ಫೆನಿ ಹಾಕಬಹುದೇ ಎಂದು ಕೇಳುವವರೇ. ಮುರುಗಲಿಗೆ ಚೆನ್ನಾಗಿ ಹೊಂದುತ್ತದೆ, ಜಿನ್ನಿನ ಅರ್ಧದಷ್ಟು ಸಾಕು, ಉಳಿದರ್ಧ ವೋಡ್ಕಾ, ಇಲ್ಲವಾದರೆ ಗೇರುಹಣ್ಣಿನ ವಾಸನೆ ಮಿಕ್ಕ ಎಲ್ಲವನ್ನೂ ನುಂಗುತ್ತದೆ. ಬಾಟಲಿಯನ್ನು ಪರ್ಮಿಟ್ ಇಲ್ಲದೆ ಗೋವಾ ಗಡಿಯ ಮಾಜಾಳಿ ದಾಟಿಸಬೇಡಿ. ಮನೆಯಲ್ಲಿ ಭಟ್ಟಿ ಇಳಿಸುವುದು ಲೈಸೆನ್ಸ್ ಇಲ್ಲದೆ ಇಲ್ಲೂ ಅಪರಾಧ, ಅಲ್ಲೂ ಅಪರಾಧ.

ಸ್ಲೋ ಜಿನ್ ತಾಳ್ಮೆಯವರಿಗೆ. 500 ಗ್ರಾಂ ಸ್ಲೋ ಕಾಯಿಯನ್ನು ಒಂದು ರಾತ್ರಿ ಫ್ರೀಜರಿನಲ್ಲಿಟ್ಟರೆ ಸಿಪ್ಪೆ ತಾನೇ ಬಿರಿಯುತ್ತದೆ, ಸೂಜಿ ಹಿಡಿದು ಒಂದೊಂದನ್ನೇ ಚುಚ್ಚುತ್ತ ಕೂರಬೇಕಿಲ್ಲ. 700 ಮಿ.ಲೀ. ಜಿನ್, 150 ಗ್ರಾಂ ಸಕ್ಕರೆ ಸೇರಿಸಿ ಕತ್ತಲಲ್ಲಿ ಮೂರು ತಿಂಗಳು, ವಾರಕ್ಕೊಮ್ಮೆ ತಲೆಕೆಳಗು ಮಾಡಿ. ಸಕ್ಕರೆ ಮೊದಲೇ ಜಾಸ್ತಿ ಹಾಕಿದರೆ ತೆಗೆಯಲಾಗದು, ಸೋಸಿದ ಮೇಲೆ ರುಚಿ ನೋಡಿ ಸಿರಪ್ ಸೇರಿಸಿ. ಊರಿನಲ್ಲಿ ಇದಕ್ಕೆ ಸರಿಸಾಟಿ ಕವಳಿ (ಕರಂಡೆ) ಹಣ್ಣು. ಪೂರ್ತಿ ಕಪ್ಪಾದದ್ದೇ ಆರಿಸಿ, ಸೀಳಿ ಉಗುರುಬೆಚ್ಚನೆ ನೀರಿನಲ್ಲಿ ತೊಳೆಯಿರಿ. ಕೆಂಪು ಕಾಯಿಯ ಹಾಲು ಬಾಟಲಿಯ ಒಳಗೆಲ್ಲ ಅಂಟಿಕೊಂಡರೆ ಆ ಬಾಟಲಿಯನ್ನು ಎಸೆಯುವುದೇ ವಾಸಿ.