ಎರಡೇ ಲಾಕ್ ಇರುವ ದಾರಿ

ಹಾಸನ
26 ಏಪ್ರಿಲ್ 2025, ಶನಿವಾರ ರಾತ್ರಿ

ಮಳೆಗೆ ಕರೆಂಟ್ ಹೋಗಿದೆ, ಫೋನ್ ಬೆಳಕಲ್ಲಿ ಬರೆಯುತ್ತಿದ್ದೇನೆ. ಸಂಜೆ ಇಂಗ್ಲೆಂಡಿನ ಲೆಸ್ಟರ್‌ನಿಂದ ಅಕ್ಕನ ಮಗಳ ಫೋನ್. ಮೇ ಕೊನೆಯ ವಾರ ಅಲ್ಲಿ ಶಾಲೆಗಳಿಗೆ ರಜೆ. ಅಲ್ಲಿಯ ಎಲ್ಸ್‌ಮಿಯರ್‌ನಿಂದ ವೇಲ್ಸ್‌ನ ಲ್ಯಾಂಗಾಲೆನ್‌ಗೆ ಕಾಲುವೆಯಲ್ಲಿ ಹೋಗೋಕೆ ನ್ಯಾರೋಬೋಟ್, ಅಂದರೆ ಒಳಗೇ ಅಡುಗೆ, ಮಲಗೋ ಜಾಗ ಇರುವ ಕಿರಿದಾದ ಉದ್ದನೆ ದೋಣಿ, ಬಾಡಿಗೆ ಹಿಡಿದಿದ್ದಾರೆ. ಅಕ್ಕ, ಭಾವನೂ ಇಲ್ಲಿಂದ ಹೊರಡುತ್ತಾರೆ.

"ಚಿಕ್ಕಮ್ಮ, ಟ್ಯಾಬಿಗೆ ಎಷ್ಟು ಸಿನಿಮಾ ತುಂಬ್ಕೊಳ್ಳಲಿ? ಮಕ್ಕಳು ಎರಡನೇ ದಿನಕ್ಕೇ ಬೋರ್ ಅಂತಾರೆ. ಅದಕ್ಕೇ ಲಾಕ್ ಕಡಿಮೆ ಇರೋ ದಾರಿ ಆರಿಸಿದ್ದು."

ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ತೊಟ್ಟಿ, ನೀರು ತುಂಬಿಸಿಯೋ ಖಾಲಿ ಮಾಡಿಯೋ ದೋಣಿಯನ್ನು ಮೇಲೆ ಕೆಳಗೆ ಮಾಡುವಂಥದ್ದು. ಅಲ್ಲೇ ತಪ್ಪಿರೋದು ಕಣೇ, ಅಂದೆ. ಲಾಕ್ ಕಡಿಮೆ ಇದ್ದರೆ ಸುಖ ದೊಡ್ಡವರಿಗೆ. ಆರು ದಾಟಿದ ಮಕ್ಕಳಿಗೆ ದೋಣಿಯಲ್ಲಿ ಕೈತುಂಬ ಕೆಲಸ ಸಿಗೋದೇ ಲಾಕ್ ಹತ್ತಿರ. ಅವಳ ದಾರಿಯಲ್ಲಿರೋದು ಎರಡೇ, ನ್ಯೂ ಮಾರ್ಟನ್ ಹತ್ತಿರ.

ಹೋಗುವಾಗ ಎರಡೂ ಏರು. ತೊಟ್ಟಿ ಖಾಲಿಯಿರುವಾಗ ದೋಣಿ ಒಳಗೆ ಬರಬೇಕು. ಹಿಂದಿನ ಬಾಗಿಲು ಮುಚ್ಚಿ, ಕೆಳಗಿನ ಪ್ಯಾಡಲ್ (ನೀರು ಬಿಡುವ ಹಲಗೆ) ಪೂರ್ತಿ ಇಳಿದಿದೆಯೇ ಅಂತ ನೋಡಿ, ಆಮೇಲೆ ಮೇಲಿನ ಪ್ಯಾಡಲನ್ನು ವಿಂಡ್‌ಲಾಸ್ ಹಿಡಿಕೆಯಿಂದ ಕೆರೆ ತೂಬು ಎತ್ತಿದ ಹಾಗೆ ಅರ್ಧ ಎತ್ತುವುದು. ಒಂದೇ ಸಲಕ್ಕೆ ಪೂರ್ತಿ ಎತ್ತಿದರೆ ನೀರು ನುಗ್ಗಿ ದೋಣಿ ಹಿಂದೆಮುಂದೆ ಬಡಿಯುತ್ತದೆ, ಒಲೆ ಮೇಲಿನ ಪಾತ್ರೆ ನೆಲಕ್ಕೆ. ಹಿಡಿಕೆ ತಿರುಗಿಸುವುದು ದೊಡ್ಡವರ ಕೆಲಸ. ಕೈಬಿಡುವಾಗ ಅದನ್ನು ತೆಗೆದಿಟ್ಟುಕೊಳ್ಳಲೇಬೇಕು. ಕೊಕ್ಕೆ ಜಾರಿದರೆ ಹಿಡಿಕೆ ಗಿರ್ರನೆ ತಿರುಗಿ ಮಣಿಕಟ್ಟು ಮುರಿಯುತ್ತದೆ. ಮಕ್ಕಳಿಗೆ ನೀರಿನ ಮಟ್ಟ ಕಾಯುವ ಕೆಲಸ ಕೊಡು. ಎರಡೂ ಕಡೆ ಸಮ ಆಯಿತು ಅಂತ ಅವರೇ ಕೂಗಬೇಕು. ಕೆಲವು ಅಂಗುಲ ವ್ಯತ್ಯಾಸ ಇದ್ದರೂ ಬಾಗಿಲು ಜಪ್ಪಯ್ಯ ಅಂದರೂ ಅಲ್ಲಾಡಲ್ಲ. ಸಮ ಆದ ಮೇಲೆ ಉದ್ದನೆ ತೊಲೆಗೆ ಬೆನ್ನು ಕೊಟ್ಟು ದಬ್ಬಿದರೆ ಏಳು ವರ್ಷದವಳೂ ತೆಗೆಯುತ್ತಾಳೆ. ಆ ಖುಷಿ ಯಾವ ಸಿನಿಮಾದಲ್ಲೂ ಇಲ್ಲ. ಒಂದು ಬಾಗಿಲಿಂದ ಇನ್ನೊಂದಕ್ಕೆ ಹಾರುವುದು ಮಾತ್ರ ಕೂಡದು, ಅಂಚಲ್ಲಿ ಓಡುವುದೂ ಕೂಡದು.

ವಾಪಸ್ ಬರುವಾಗ ಇಳಿಜಾರು, ಅದೇ ಹೆಚ್ಚು ಅಪಾಯ. ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಮೆಟ್ಟಿಲೊಂದು ಚಾಚಿದೆ. ದೋಣಿಯ ಹಿಂಭಾಗ ಅದರ ಮೇಲೆ ಕೂತುಬಿಟ್ಟರೆ ನೀರು ಇಳಿದಂತೆ ಮುಂಭಾಗ ಮುಳುಗುತ್ತದೆ. ಗೋಡೆ ಮೇಲೆ ಗುರುತಿನ ಗೆರೆ ಇರುತ್ತದೆ, ಅದನ್ನು ದಾಟಿ ಮುಂದೆಯೇ ನಿಂತಿರಬೇಕು. ದೊಡ್ಡ ಮಗನನ್ನು ದಡದ ಮೇಲೆ ಅವರಪ್ಪನ ಪಕ್ಕ ನಿಲ್ಲಿಸಿ ಆ ಗೆರೆ ಕಾಯಿಸು.

ಮಧ್ಯೆ ಅಕ್ಕ ಫೋನ್ ಕಿತ್ತುಕೊಂಡಳು, ಕಾನ್ಫರೆನ್ಸ್‌ನಲ್ಲಿದ್ದಳಂತೆ. "ಮಕ್ಕಳನ್ನ ರಾತ್ರಿ ನಾಲೆ ಮೇಲೆ ಮಲಗಿಸ್ತಾರೇನೇ?" ಅವಳ ಕಣ್ಣ ಮುಂದೆ ಇರೋದು ಹೇಮಾವತಿ ನಾಲೆ. ಸೆಳವು ಜೋರು, ಸಿಮೆಂಟಿನ ಇಳಿಜಾರು, ಹಿಡಿಯೋಕೆ ಏನೂ ಸಿಗಲ್ಲ. ಅಲ್ಲಿಯ ಕಾಲುವೆ ಹಾಗಲ್ಲ, ಬಹುಪಾಲು ಕಡೆ ಒಂದು ಒಂದೂವರೆ ಮೀಟರ್ ಆಳ, ಹರಿವು ನಿಧಾನ. ಹಾಗಂತ ಲೈಫ್ ಜಾಕೆಟ್ ಬಿಡೋ ಹಾಗಿಲ್ಲ, ಬಿಗಿ ನೋಡಿ ಆರಿಸಬೇಕು, ಭುಜ ಹಿಡಿದು ಎತ್ತಿದರೆ ಕಿವಿಯವರೆಗೆ ಮೇಲೇರಿದರೆ ಅದು ದೊಡ್ಡ ಸೈಜು. ಹೆದರಬೇಕಾದದ್ದು ಆಳಕ್ಕಲ್ಲ, ದೋಣಿಗೂ ಗೋಡೆಗೂ ನಡುವಿನ ಸಂದಿಗೆ, ಹಿಂದೆ ನೀರೊಳಗೆ ತಿರುಗುವ ಫ್ಯಾನಿಗೆ (ಪ್ರೊಪೆಲ್ಲರ್). ಯಾರಾದರೂ ಬಿದ್ದರೆ ಮೊದಲು ಗೇರ್ ನ್ಯೂಟ್ರಲ್. ರಿವರ್ಸ್ ಹಾಕಬಾರದು, ಫ್ಯಾನ್ ಬಿದ್ದವರನ್ನೇ ಎಳೆದುಕೊಳ್ಳುತ್ತದೆ.

ಅಕ್ಕ ಒಪ್ಪಿದ ಹಾಗೆ ಕಾಣಲಿಲ್ಲ.

ಲಾಕ್ ಇಲ್ಲದ ಉಳಿದ ಗಂಟೆಗಳದೇ ಸಮಸ್ಯೆ. ವೇಗದ ಮಿತಿ ಗಂಟೆಗೆ ನಾಲ್ಕು ಮೈಲಿ, ಕಟ್ಟಿ ನಿಲ್ಲಿಸಿದ ದೋಣಿಗಳ ಪಕ್ಕ ಇನ್ನೂ ನಿಧಾನ. ಅಂದರೆ ಮಕ್ಕಳು ದಡದಲ್ಲಿ ನಡೆದೇ ದೋಣಿಯನ್ನು ಹಿಂದೆ ಹಾಕಬಹುದು. ಸೇತುವೆಗಳಿಗೆ ನಂಬರ್ ಫಲಕ ಇರುತ್ತದೆ. ಒಬ್ಬರು ದೊಡ್ಡವರ ಜತೆ ಇಳಿಸಿ, ಇಂಥ ನಂಬರಲ್ಲಿ ಹತ್ತಿಸಿಕೊಳ್ತೀವಿ ಅಂತ ಹೇಳು. ಸೇತುವೆ ಕೆಳಗೇ ಹತ್ತಿಸಬೇಕು. ಬೇರೆ ಕಡೆ ದಂಡೆ ಹತ್ತಿರ ಹೂಳು ತುಂಬಿ ದೋಣಿ ಕೂತುಬಿಡುತ್ತದೆ, ಸೇತುವೆ ಕೆಳಗೆ ಕಾಲುವೆ ಕಿರಿದು, ದಡದವರೆಗೂ ನೀರಿರುತ್ತದೆ.

ಚುಕ್ಕಾಣಿಯನ್ನೂ ಕೊಡಬಹುದು, ನೇರ ದಾರಿಯಲ್ಲಿ, ಎದುರು ದೋಣಿ ಇಲ್ಲದಾಗ. ಬಲಕ್ಕೆ ದೂಡಿದರೆ ದೋಣಿ ಎಡಕ್ಕೆ, ಅದೂ ತಡವಾಗಿ. ಮಕ್ಕಳು ತಿರುಗಲಿಲ್ಲ ಅಂತ ಇನ್ನಷ್ಟು ದೂಡುತ್ತಾರೆ, ಅದಕ್ಕೇ ದೋಣಿ ಅಂಕುಡೊಂಕು. ಸ್ವಲ್ಪ ದೂಡು, ಮೂರು ಎಣಿಸು, ಆಮೇಲೆ ನೋಡು. ಚುಕ್ಕಾಣಿ ಕೋಲು ಬೀಸುವ ಜಾಗದಲ್ಲಿ ಮಾತ್ರ ಯಾರೂ ನಿಲ್ಲಬಾರದು.

ಗಡಿಯ ಊರು ಚರ್ಕ್ ಬಂದರೆ ಟ್ಯಾಬ್ ತಾನಾಗೇ ಮೂಲೆ ಸೇರುತ್ತದೆ. ಮೊದಲು ಕಾಲುವೆಯನ್ನೇ ಹೊತ್ತ ನೀರಿನ ಸೇತುವೆ, ಅದನ್ನು ದಾಟಿದರೆ ಇಂಗ್ಲೆಂಡ್ ಮುಗಿದು ವೇಲ್ಸ್, ತಕ್ಷಣ 421 ಮೀಟರ್ ಸುರಂಗ. ಎದುರು ದೀಪ ಕಾಣದಿದ್ದರೆ ಮಾತ್ರ ಒಳಗೆ ಹೋಗಬೇಕು, ಎರಡು ದೋಣಿ ಹಿಡಿಯಲ್ಲ. ನೀರು ಎದುರಿಂದ ಬರೋದರಿಂದ ಹೋಗುವಾಗ ಬಹಳ ನಿಧಾನ, ಬೇಗ ಹೋಗೋಣ ಅಂತ ಎಂಜಿನ್ ಎಳೆಸಿದರೂ ಲಾಭ ಇಲ್ಲ. ಟಾರ್ಚ್ ಕೊಡು, ಕೂಗಲಿ.

ಆಮೇಲೆ ಪಾಂಟ್‌ಕಸಲ್ಟೆ, ಇನ್ನೊಂದು ನೀರಿನ ಸೇತುವೆ. 1805ರದು, 38 ಮೀಟರ್ ಎತ್ತರ, 307 ಮೀಟರ್ ಉದ್ದದ ಕಬ್ಬಿಣದ ತೊಟ್ಟಿ. ನಡೆಯುವ ಕಡೆ ಕಂಬಿ ಇದೆ, ಇನ್ನೊಂದು ಕಡೆ ಇಲ್ಲ, ತೊಟ್ಟಿಯ ಅಂಚು ನೀರಿಂದ ಕೆಲವೇ ಅಂಗುಲ ಮೇಲೆ. ಚಿಕ್ಕವಳನ್ನು ಒಳಗೆ ಕೂರಿಸಿ ಕಿಟಕಿಯಿಂದ ತೋರಿಸಿ. ದೊಡ್ಡವನು ಭಾವನ ಕೈ ಹಿಡಿದು ಕಂಬಿ ಪಕ್ಕ ನಡೆಯಲಿ. ಲ್ಯಾಂಗಾಲೆನ್ ಹತ್ತಿರದ ಕೊನೆಯ ಭಾಗ ಕೆಲವು ಕಡೆ ಒಂದೇ ದೋಣಿಯಷ್ಟು ಅಗಲ. ಅಲ್ಲಿ ಒಬ್ಬರು ಫೋನ್ ಹಿಡಿದು ಮುಂದೆ ನಡೆದು ದಾರಿ ಖಾಲಿ ಇದೆಯಾ ಹೇಳಬೇಕು. ದೊಡ್ಡ ಮಗ ಅವರ ಜತೆ ಹೋಗಲಿ, ಸಂದೇಶ ಹೇಳುವವನು ಅವನೇ.

ಕೈ ತೊಳೆಯದೆ ತಿನ್ನಬಾರದು. ಇಲಿ ಜ್ವರ ಅಲ್ಲೂ ಇದೆ, ಇಲ್ಲಿ ಗದ್ದೆ ನೀರಿಂದ ಬರೋದು ಅಲ್ಲಿ ಕಾಲುವೆ ನೀರಿಂದ. ಬಾತುಕೋಳಿಗೆ ಬ್ರೆಡ್ ಬೇಡ, ಓಟ್ಸ್ ಇಲ್ಲವೇ ಬಟಾಣಿ ಸಾಕು. ಆಯಸ್ಕಾಂತ ಕಟ್ಟಿ ಕಬ್ಬಿಣ ಎತ್ತುವ ಆಟ ಯೂಟ್ಯೂಬ್ ನೋಡಿ ಕೇಳ್ತಾರೆ, ಈ ಕಾಲುವೆಗಳಲ್ಲಿ ಅದಕ್ಕೆ ಅನುಮತಿ ಇಲ್ಲ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದಡದಲ್ಲಿ ಎಂಜಿನ್ ಓಡಿಸೋ ಹಾಗಿಲ್ಲ, ಟ್ಯಾಬ್ ಚಾರ್ಜ್ ಅದಕ್ಕೂ ಮೊದಲೇ ಆಗಬೇಕು.

ಊಟದ ಮಾತು ಬಂತು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಒಯ್ಯಬಹುದು. ಹಾಲಿನ ಪದಾರ್ಥ ಇಲ್ಲಿಂದ ಒಯ್ಯೋ ಹಾಗಿಲ್ಲ, ಅಂದರೆ ತುಪ್ಪವೂ ಇಲ್ಲ. ಅಕ್ಕ ಆಗಲೇ ಎರಡು ಡಬ್ಬಿ ಕಾಯಿಸಿಟ್ಟಿದ್ದಾಳಂತೆ, ಅವಳಿಗೆ ಈಗ ಇದನ್ನು ಯಾರು ಹೇಳೋದು?