ಎಳೆದಾಟದಿಂದ ಶುರುಮಾಡಿ: ಮಳೆಗಾಲದಲ್ಲಿ ಮನೆಯೊಳಗೆ ನಾಯಿ ಪಳಗಿಸುವುದು

ಕೊಡಗಿನ ತೋಟದ ಮನೆಗಳಲ್ಲಿ ನಾಯಿಯ ದಿನಚರಿ ಹೆಚ್ಚುಕಡಿಮೆ ಒಂದೇ. ಹಗಲೆಲ್ಲ ಗೂಡಿನಲ್ಲೋ ಸರಪಳಿಯಲ್ಲೋ ಇರುತ್ತದೆ, ರಾತ್ರಿ ಗೇಟು ಹಾಕಿದ ಮೇಲೆ ಬಿಡುತ್ತಾರೆ. ಬೇಸಿಗೆಯಲ್ಲಿ ಇದು ಹೇಗೋ ನಡೆಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಕುಶಾಲನಗರದ ಕಡೆಯವರಿಗೆ ನಡುನಡುವೆ ಹೊಳವಾದರೂ ಸಿಗುತ್ತದೆ, ಭಾಗಮಂಡಲದ ಕಡೆ ಅದೂ ಇಲ್ಲ. ವಾರಗಟ್ಟಲೆ ಕಾಲು ಚಾಚದ ನಾಯಿ ಚಪ್ಪಲಿ ಕಡಿಯುತ್ತದೆ, ಸುಮ್ಮಸುಮ್ಮನೆ ಬೊಗಳುತ್ತದೆ, ಮಕ್ಕಳ ಮೈಮೇಲೆ ಹಾರುತ್ತದೆ. ಇದಕ್ಕೆ ಪೆಟ್ಟು ಕೊಟ್ಟು ಪ್ರಯೋಜನವಿಲ್ಲ, ಕೆಲಸ ಕೊಡಬೇಕು. ನಾಯಿಗೆ ಕೆಲಸವೆಂದರೆ ಆಟ.

ನಮ್ಮ ಕಡೆ ನಾಯಿಗೆ ಎರಡು ಪಾಠ ಬಂದಿರಲೇಬೇಕು: ಕರೆದರೆ ಬರುವುದು, ಬಾಯಲ್ಲಿದ್ದದ್ದನ್ನು ಬಿಡುವುದು. ತೋಟಕ್ಕೆ ಬಂದ ಆನೆಯನ್ನು ಬೊಗಳುತ್ತ ಅಟ್ಟಿಸಿಕೊಂಡು ಹೋದ ನಾಯಿ, ಆನೆ ತಿರುಗಿಬಿದ್ದರೆ ಓಡಿಬರುವುದು ಯಜಮಾನನ ಕಾಲಡಿಗೇ. ಆನೆಯೂ ಹಿಂದೆಯೇ ಬರುತ್ತದೆ. ಬೇಲಿಯಂಚಿನಲ್ಲಿ ಕಾಡುಹಂದಿಗೆಂದು ಕಟ್ಟಿದ ಉರುಳಿರಬಹುದು, ಪಾಷಾಣ ತಿಂದು ಸತ್ತ ಇಲಿ ಬಿದ್ದಿರಬಹುದು. ಇವೆರಡೂ ಪಾಠ ಬೈದರೆ ಬರುವುದಿಲ್ಲ. ಮನೆಯೊಳಗೆ ಐದೈದು ನಿಮಿಷದ ಆಟದಲ್ಲಿ ಬರುತ್ತವೆ.

ಹಗ್ಗ ಎಳೆದಾಟದಿಂದ ಶುರುಮಾಡುವುದು ಒಳ್ಳೆಯದು. ‘ಎಳೆದಾಡಿದರೆ ನಾಯಿ ಕಚ್ಚುವ ಬುದ್ಧಿ ಕಲಿಯುತ್ತದೆ’ ಎಂಬ ಮಾತಿದೆ. ನಿಯಮವಿಟ್ಟು ಆಡಿದರೆ ಕಲಿಯುವುದು ಅದಕ್ಕೆ ವಿರುದ್ಧವಾದದ್ದನ್ನು. ಹಗ್ಗಕ್ಕೆ ಹಳೆಯ ಹತ್ತಿ ಟವೆಲ್ಲೋ ಟೀ ಶರ್ಟೋ ಸಾಕು. ಎರಡೂವರೆಯಿಂದ ಮೂರು ಅಡಿ ಉದ್ದದ ಮೂರು ಪಟ್ಟಿ ಹರಿದು, ಬಿಗಿಯಾಗಿ ಜಡೆ ಹೆಣೆದು, ಎರಡು ತುದಿಗೂ ಗಂಟು ಹಾಕಿ. ತೀರಾ ಗಿಡ್ಡವಾದರೆ ಹಲ್ಲು ಕೈಗೆ ತಾಗುತ್ತದೆ. ತೋಟದ ಮನೆಯಲ್ಲಿ ಗೋಣಿಚೀಲಕ್ಕೆ ಬರವಿಲ್ಲ, ಆದರೆ ಅದು ಬೇಡ. ಗೋಣಿಯ ನಾರು ಎಳೆಯೆಳೆಯಾಗಿ ಬಿಚ್ಚಿಕೊಳ್ಳುತ್ತದೆ, ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೆ ತಂದು ನಿಲ್ಲಿಸುತ್ತದೆ. ನೈಲಾನ್ ಹಗ್ಗ ಒಸಡು ಕೊಯ್ಯುತ್ತದೆ. ಹತ್ತಿಯದ್ದಾದರೂ ಆಟ ಮುಗಿದ ಕೂಡಲೇ ಕಪಾಟಿಗೆ ಹೋಗಬೇಕು. ಸದಾ ಎದುರಿಗೇ ಬಿದ್ದಿರುವ ಹಗ್ಗದ ಮೇಲೆ ನಾಯಿಗೆ ಆಸೆ ಉಳಿಯುವುದಿಲ್ಲ.

ಕೆಂಪು ಗಾರೆಯ ನುಣುಪು ನೆಲದಲ್ಲಿ ಆಡಿಸಬೇಡಿ. ಹಿಂಗಾಲು ಜಾರಿ ಸೊಂಟಕ್ಕೆ ಪೆಟ್ಟಾಗುತ್ತದೆ. ಸೊಂಟದ ಕೀಲಿನ ತೊಂದರೆ ವಂಶದಿಂದಲೇ ಬರಬಹುದಾದ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗಂತೂ ಇದು ಕೂಡದು. ರಬ್ಬರ್ ಮ್ಯಾಟೋ ದಪ್ಪ ಜಮಖಾನವೋ ಹಾಸಿ. ಹಗ್ಗವನ್ನು ನಾಯಿಯ ಎದೆಮಟ್ಟಕ್ಕಿಂತ ಮೇಲೆತ್ತದೆ ಎಡಕ್ಕೂ ಬಲಕ್ಕೂ ಆಡಿಸಿ. ಮೇಲೆ ಕೆಳಗೆ ಜಗ್ಗಿದರೆ ಕತ್ತಿನ ಮೂಳೆಗೆ ಕೆಟ್ಟದ್ದು. ಹೆಚ್ಚು ಎಳೆಯುವುದು ನಾಯಿಯೇ ಆಗಿರಲಿ, ನೀವು ಹಿಡಿದುಕೊಂಡರೆ ಸಾಕು. ನಾಲ್ಕರಿಂದ ಆರು ತಿಂಗಳವರೆಗೆ ಹಾಲುಹಲ್ಲು ಬೀಳುವ ಕಾಲ, ಹಗ್ಗದ ಮೇಲೆ ತುಸು ರಕ್ತ ಕಂಡರೆ ಗಾಬರಿ ಬೇಡ. ಆದರೆ ಆ ದಿನಗಳಲ್ಲಿ ಜೋರಾಗಿ ಎಳೆಯಬೇಡಿ.

ಇನ್ನು ‘ಬಿಡು’. ಅರ್ಧ ನಿಮಿಷ ಎಳೆದಾಡಿದ ಮೇಲೆ ಹಗ್ಗವನ್ನು ನಿಮ್ಮ ಮೊಣಕಾಲಿಗೆ ಒತ್ತಿ ಹಿಡಿದು ಕಲ್ಲಿನಂತೆ ನಿಂತುಬಿಡಿ. ಮಾತು ಬೇಡ, ನಾಯಿಯ ಕಣ್ಣು ನೋಡುವುದೂ ಬೇಡ. ಜೀವವಿಲ್ಲದ ಹಗ್ಗ ಎಳೆಯುವುದರಲ್ಲಿ ಏನು ಮಜಾ? ಐದು ಸೆಕೆಂಡಿಗೋ ಇಪ್ಪತ್ತಕ್ಕೋ ದವಡೆ ಸಡಿಲವಾಗುತ್ತದೆ. ಬಿಡುವ ಆ ಕ್ಷಣಕ್ಕೆ ಸರಿಯಾಗಿ ಒಮ್ಮೆ ‘ಬಿಡು’ ಅನ್ನಿ, ಕೂಡಲೇ ‘ಹಿಡಿ’ ಎಂದು ಹಗ್ಗ ಮತ್ತೆ ಕೊಟ್ಟುಬಿಡಿ. ಇಡೀ ಪಾಠದ ಗುಟ್ಟು ಈ ವಾಪಸು ಕೊಡುವುದರಲ್ಲಿದೆ. ಬಿಟ್ಟರೆ ಆಟ ಮುಗಿಯುವುದಿಲ್ಲ, ಮುಂದುವರಿಯುತ್ತದೆ ಅಂತ ನಾಯಿಗೆ ತಿಳಿಯಬೇಕು. ಕೆಲವು ದಿನಗಳಲ್ಲಿ, ಹಗ್ಗ ನಿಂತ ಕೂಡಲೇ ಬಾಯಿ ತೆರೆಯತೊಡಗಿದಾಗ, ಮಾತನ್ನು ಮುಂದಕ್ಕೆ ತನ್ನಿ: ಮೊದಲು ‘ಬಿಡು’, ಆಮೇಲೆ ನಿಲ್ಲುವುದು.

ಇದು ಕೈಕೊಡುವುದು ಹೆಚ್ಚಾಗಿ ಮನುಷ್ಯರಿಂದಲೇ. ಅರ್ಥವಾಗುವ ಮೊದಲೇ ‘ಬಿಡು ಬಿಡು ಬಿಡು’ ಎಂದು ಹತ್ತು ಸಲ ಹೇಳಿದರೆ ಆ ಮಾತು ಬರೀ ಗದ್ದಲವಾಗುತ್ತದೆ. ಬಿಡಿಸಲು ಇನ್ನೂ ಜೋರಾಗಿ ಎಳೆದರೆ ನಾಯಿ ಇನ್ನೂ ಗಟ್ಟಿ ಕಚ್ಚುತ್ತದೆ. ದವಡೆ ಹಿಸಿದು ಬಾಯಿಂದ ಕಿತ್ತುಕೊಂಡರಂತೂ, ಸಿಕ್ಕಿದ್ದನ್ನು ಕೂಡಲೇ ನುಂಗುವುದನ್ನು ಕಲಿಸಿದಂತೆ. ಪಾಷಾಣದ ಇಲಿ ಸಿಕ್ಕಾಗಲೂ ಅದನ್ನೇ ಮಾಡುತ್ತದೆ. ಹಟಮಾರಿ ನಾಯಿಗೆ ಬೇಯಿಸಿದ ಕೋಳಿಯ ಚೂರನ್ನು ಮೂಗಿನ ಹತ್ತಿರ ಹಿಡಿದು ಬದಲು ಮಾಡಿಕೊಳ್ಳಿ. ಹಲ್ಲು ಕೈಗೆ ತಾಗಿದರೆ ಆಟ ಬಂದ್: ಎದ್ದು ಬೆನ್ನು ಹಾಕಿ ಇಪ್ಪತ್ತು ಸೆಕೆಂಡ್ ನಿಲ್ಲಿ, ಮತ್ತೆ ಆಡಿ. ಗುರ್ ಅನ್ನುವುದರಲ್ಲಿ ತಪ್ಪಿಲ್ಲ, ಮೈ ಸಡಿಲವಾಗಿದ್ದು ಬಾಲ ಆಡುತ್ತಿದ್ದರೆ ಅದು ಆಟದ ದನಿ. ಮೈ ಬಿಗಿದು, ಬಾಲ ನೆಟ್ಟಗೆ ನಿಂತು, ಕಣ್ಣಿನ ಬಿಳಿ ಕಾಣುತ್ತಿದ್ದರೆ ನಿಲ್ಲಿಸಿ.

ಮರಿ ಸಂಜೆ ಹೊತ್ತಿಗೆ ಹುಚ್ಚು ಹಿಡಿದಂತೆ ಕಚ್ಚುತ್ತಿದ್ದರೆ ಇನ್ನಷ್ಟು ಆಡಿಸಿ ಸುಸ್ತು ಮಾಡಲು ಹೋಗಬೇಡಿ. ಮರಿಗಳಿಗೆ ದಿನಕ್ಕೆ ಹದಿನಾರು ಹದಿನೆಂಟು ಗಂಟೆ ನಿದ್ದೆ ಬೇಕು, ನಿದ್ದೆಗೆಟ್ಟ ಮರಿ ಕಚ್ಚುತ್ತದೆ. ಕತ್ತಲಕೋಣೆಯಲ್ಲಿ ಮಲಗಿಸಿ.

ಮುಧೋಳದಂಥ ಓಟದ ನಾಯಿಗಳಿಗೆ ಹಗ್ಗಕ್ಕಿಂತ ಬಿದಿರುಕೋಲಿನ ಆಟ ಹೆಚ್ಚು ಹಿಡಿಸುತ್ತದೆ. ನಾಲ್ಕಡಿ ಬಿದಿರಿನ ತುದಿಗೆ ಅಷ್ಟೇ ಉದ್ದದ ಹಗ್ಗ, ಅದರ ಕೊನೆಗೊಂದು ಬಟ್ಟೆಗಂಟು. ಗಂಟನ್ನು ನೆಲಕ್ಕೆ ತಾಗಿಸಿಕೊಂಡೇ ದೊಡ್ಡ ಸುತ್ತು ಎಳೆಯಿರಿ. ಗಾಳಿಯಲ್ಲಿ ಹಾರಿಸಿದರೆ ನಾಯಿ ಹಾರಿ ಓರೆಯಾಗಿ ಬಿದ್ದು ಮಂಡಿ ಕೆಡಿಸಿಕೊಳ್ಳುತ್ತದೆ. ವರ್ಷ ತುಂಬದ ಮರಿಗೆ ಈ ಆಟ ಬೇಡ. ನಾಯಿ ಮೊದಲು ಕೂರಬೇಕು, ಗಂಟು ಅಲುಗಾಡಿದರೂ ಕೂತೇ ಇರಬೇಕು, ‘ಹಿಡಿ’ ಅಂದ ಮೇಲೆ ಮಾತ್ರ ಓಡಬೇಕು. ಕೋಳಿಯ ಹಿಂದೆ, ಹಂದಿಯ ಹಿಂದೆ ಬಿದ್ದ ನಾಯಿ ಮಾತಿಗೆ ನಿಲ್ಲಬೇಕಾದರೆ ಇಲ್ಲಿಂದಲೇ ಅಭ್ಯಾಸವಾಗಬೇಕು. ಮಳೆ ಬಿಟ್ಟಾಗ ಕಾಫಿ ಒಣಗಿಸುವ ಕಣ ಇದಕ್ಕೆ ಸಾಲುತ್ತದೆ, ಪಾಚಿ ಕಟ್ಟಿರದಿದ್ದರೆ.

ಕರೆದರೆ ಬರುವುದಕ್ಕೆ ಇಬ್ಬರು ಬೇಕು. ಒಬ್ಬರು ಅಡುಗೆಮನೆ ಬಾಗಿಲಲ್ಲಿ, ಇನ್ನೊಬ್ಬರು ಹಾಲ್‌ನ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಸರದಿಯಂತೆ ಹೆಸರು ಹಿಡಿದು ‘ಬಾ’ ಎಂದು ಒಂದೇ ಸಲ ಕರೆಯಬೇಕು. ಬಂದರೆ ಬಟಾಣಿ ಕಾಳಿನಷ್ಟು ತಿಂಡಿ, ಕುತ್ತಿಗೆಯ ಬೆಲ್ಟಿಗೆ ಕೈ ತಾಗಿಸಿ ಇನ್ನೊಂದು, ಆಮೇಲೆ ಹೋಗಲು ಬಿಡುವುದು. ಬೆಲ್ಟು ಮುಟ್ಟುವುದನ್ನು ಬಿಟ್ಟರೆ, ಹತ್ತಿರದವರೆಗೆ ಬಂದು ಕೈಗೆ ಸಿಗದೆ ತಪ್ಪಿಸಿಕೊಳ್ಳುವ ನಾಯಿ ತಯಾರಾಗುತ್ತದೆ. ಆರಡಿಯಿಂದ ಕೋಣೆಗೆ, ಕೋಣೆಯಿಂದ ಜಗಲಿಗೆ ದೂರ ಹೆಚ್ಚಿಸಿ. ಅಂಗಳಕ್ಕೆ ಇಳಿದ ಮೇಲೆ ಮೂವತ್ತಡಿ ಹಗ್ಗವನ್ನು ಎದೆಗೆ ಹಾಕುವ ಹಾರ್ನೆಸ್ಸಿಗೆ ಕಟ್ಟಿ, ಕುತ್ತಿಗೆಗೆ ಬೇಡ. ಸ್ನಾನಕ್ಕೆ, ಕಟ್ಟಿಹಾಕಲು, ಬೈಯಲು ‘ಬಾ’ ಅನ್ನಬೇಡಿ, ನೀವೇ ಹೋಗಿ ಹಿಡಿದುಕೊಳ್ಳಿ. ಒಂದೇ ಮನೆಯಲ್ಲಿ ಅಜ್ಜಿ ಕೊಡವ ತಕ್ಕಿನಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ, ಕೆಲಸದವರು ತಮಿಳಿನಲ್ಲಿ ಕರೆದರೆ ನಾಯಿ ಯಾರ ಮಾತು ಕೇಳಬೇಕು? ಎಲ್ಲರೂ ಒಂದೇ ಪದಕ್ಕೆ ಒಪ್ಪಿಕೊಳ್ಳಿ.

ತಿಂಡಿಯೆಲ್ಲ ಸೇರಿ ದಿನದ ಆಹಾರದ ಹತ್ತರಲ್ಲೊಂದು ಪಾಲು ಮೀರಬಾರದು. ಉಪ್ಪು ಖಾರವಿಲ್ಲದೆ ಬೇಯಿಸಿದ ಕೋಳಿ, ಮೊಟ್ಟೆ, ಗೆಣಸು, ಸಿಹಿಗುಂಬಳ ಆಗುತ್ತದೆ. ಪಂದಿಕರಿಯ ಮೂಳೆ ಬೇಡ. ಬೆಂದ ಮೂಳೆ ಚೂಪಾಗಿ ಸಿಗಿಯುತ್ತದೆ, ಮಸಾಲೆಯ ಈರುಳ್ಳಿ ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ನೆಂಟರು ಮಡಿಕೇರಿಯಿಂದ ತಂದ ಹೋಮ್‌ಮೇಡ್ ಚಾಕೊಲೇಟ್, ಕಾಫಿಬೀಜ, ದ್ರಾಕ್ಷಿ ಎಲ್ಲವೂ ವಿಷ.

ಆಟ ಮುಗಿಸುವುದು ಮೂಗಿನ ಕೆಲಸದಿಂದ. ಅಂಚು ಉಜ್ಜಿದ ಮೂರು ತೆಂಗಿನಚಿಪ್ಪು ಕವುಚಿ ಒಂದರಡಿ ತಿಂಡಿ ಇಡಿ, ಅಥವಾ ನಾಯಿಯ ಒಣ ಊಟದ ಕಾಳನ್ನು ಹಳೇ ಟವೆಲಿನಲ್ಲಿ ಸುರುಳಿ ಸುತ್ತಿ ಕೊಡಿ. ಮೂಸುತ್ತ ಮೂಸುತ್ತ ಉಸಿರು ನಿಧಾನವಾಗಿ ತಾನೇ ಮಲಗುತ್ತದೆ. ಹೊಟ್ಟೆ ತುಂಬ ಉಂಡ ಮೇಲೆ ಕನಿಷ್ಠ ಒಂದು ಗಂಟೆ ಓಡಾಟದ ಆಟ ಬೇಡ.

ಮೈಗೆ ಅಂಟಿ ರಕ್ತ ಹೀರುವ ಇಂಬಳ, ಉಣ್ಣೆ ಇವೆಯೇ ಎಂದು ನೋಡಲು ಅನುಕೂಲವಾಗುವ ಆಟವೂ ಒಂದಿದೆ. ಅಂಗೈ ಚಾಚಿ, ನಾಯಿ ಗದ್ದ ಇಟ್ಟರೆ ತಿಂಡಿ. ಹತ್ತು ಸೆಕೆಂಡ್ ಇಡುವಂತಾದ ಮೇಲೆ ಇನ್ನೊಂದು ಕೈಯಿಂದ ಕಿವಿ ಮುಟ್ಟಿ, ಮುಂದೆ ಕಿವಿಯೊಳಗೆ, ಕೊನೆಗೆ ಕಾಲ್ಬೆರಳ ಸಂದು. ಗದ್ದ ಎತ್ತಿದರೆ ನಿಮ್ಮ ಕೈಯೂ ನಿಲ್ಲಬೇಕು. ಬೇಡವೆಂದರೆ ಬಿಡುತ್ತಾರೆ ಅಂತ ಗೊತ್ತಾದ ನಾಯಿ ಹೆಚ್ಚು ಹೊತ್ತು ಕೊಡುತ್ತದೆ. ಉಣ್ಣೆ ಕಂಡರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ.

ಇನ್ನು ಗುಂಡಿನ ಸದ್ದು. ಸೆಪ್ಟೆಂಬರಿನ ಆಯುಧಪೂಜೆಯ ಹಬ್ಬ ಕೈಲ್‌ಪೋದ್‌ಗೆ, ಸುಗ್ಗಿಹಬ್ಬ ಪುತ್ತರಿಗೆ ಕೋವಿ ಹಾರುತ್ತದೆ; ಆನೆ ಓಡಿಸಲು ಪಟಾಕಿಯಂತೂ ಯಾವ ರಾತ್ರಿಯಾದರೂ ಸಿಡಿಯಬಹುದು. ಜುಲೈಯಲ್ಲೇ ಶುರುಮಾಡಿ: ನಾಯಿ ಚಿಪ್ಪಿನಡಿ ತಿಂಡಿ ಹುಡುಕುತ್ತಿರುವಾಗ ಮೊಬೈಲಿನಲ್ಲಿ ಗುಂಡಿನ ಸದ್ದನ್ನು ಕೇಳಿಯೂ ಕೇಳದಷ್ಟು ಸಣ್ಣಗೆ ಹಾಕಿ, ಐದು ನಿಮಿಷ. ನಿರಾಳವಾಗಿ ತಿನ್ನುತ್ತಿದ್ದರೆ ಎರಡು ಮೂರು ದಿನಕ್ಕೊಮ್ಮೆ ವಾಲ್ಯೂಮನ್ನು ಒಂದು ಕಡ್ಡಿ ಏರಿಸಿ. ತಿನ್ನುವುದು ನಿಲ್ಲಿಸಿ ಕಿವಿ ಹಿಂದಕ್ಕೆ ಮಾಡಿದರೆ ಸದ್ದು ಜಾಸ್ತಿಯಾಯಿತೆಂದೇ ಅರ್ಥ, ಎರಡು ಕಡ್ಡಿ ಇಳಿಸಿ. ಹಬ್ಬದ ದಿನ ಮಾತ್ರ ಈ ಅಭ್ಯಾಸವನ್ನು ಪರೀಕ್ಷೆಗೆ ಒಡ್ಡಬೇಡಿ. ಸಂಜೆಗೆ ಮುಂಚೆ ಒಳಕೋಣೆಗೆ ಸೇರಿಸಿ, ಕಿಟಕಿ ಮುಚ್ಚಿ, ಬೆಲ್ಟಿನ ಮೇಲೆ ಫೋನ್ ನಂಬರ್ ಬರೆದಿಡಿ.